ಬೆರಳಿಗೆ ದಕ್ಕಿದ ಅಕ್ಷರ



ಒಂದು ಕಾಲಕ್ಕೆ ಪ್ಯಾರಿಸ್ಸಿನ ಅಂಧರ ಶಾಲೆಯ ಪುಸ್ತಕಗಳಲ್ಲಿ ಇದ್ದದ್ದು ಉಬ್ಬಿಸಿ ಅಚ್ಚೊತ್ತಿದ ರೋಮನ್ ಅಕ್ಷರಗಳು. ಮಕ್ಕಳು ಅವನ್ನು ತಡವಿ ಓದಬಹುದಿತ್ತು. ಆದರೆ ಹಾಗೆ ತಾವೇ ಬರೆಯುವುದು ಸಾಧ್ಯವಿರಲಿಲ್ಲ. ಆ ಕೊರತೆ ನೀಗಿಸಿದವನು ಅಲ್ಲಿನ ವಿದ್ಯಾರ್ಥಿ ಲೂಯಿ ಬ್ರೈಲ್. 1824ರಲ್ಲಿ, 15ರ ಹರೆಯದಲ್ಲಿ, ಆರು ಚುಕ್ಕಿಗಳ ಲಿಪಿ ರೂಪಿಸಿದ. ಚುಕ್ಕಿಗಳ ಜೋಡಣೆ 63. ಪ್ರತಿಯೊಂದೂ ಬೆರಳ ತುದಿಯಷ್ಟೇ.

1951ರಲ್ಲಿ ಒಪ್ಪಿತವಾದ ಭಾರತಿ ಬ್ರೈಲ್ ಮೂಲಕ ಕನ್ನಡಕ್ಕೂ ಅವೇ ಚುಕ್ಕಿಗಳು ಒದಗಿದವು. ಇಲ್ಲಿ ಒತ್ತಕ್ಷರ ಕೆಳಗಿಳಿಯುವುದಿಲ್ಲ, ಸಾಲಿನಲ್ಲೇ ಬರುತ್ತದೆ.

ಈಗ ಧ್ವನಿ ಪುಸ್ತಕಗಳಿರುವಾಗ ಬ್ರೈಲ್ ಏಕೆ ಎನ್ನುವವರಿದ್ದಾರೆ. ಕೇಳಿದರೆ ಕಥೆ ತಿಳಿದೀತು, ಕಾಗುಣಿತ ತಿಳಿಯದು. ತಾನು ಬರೆದದ್ದನ್ನು ತಾನೇ ಓದಿ ತಿದ್ದಿಕೊಳ್ಳುವ ಸ್ವಾತಂತ್ರ್ಯ ಕಿವಿಗೆ ಸಿಗದು. ಅದು ಬೆರಳಿಗೆ ಮಾತ್ರ ದಕ್ಕಿದ್ದು.