ಆಟದ ವೀರನಿಗೊಂದು ಹೆಸರು



ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು ಒಂದು ಹೆಸರು ಹುಡುಕಲಾರದೆ ಸೋತೆನೆಂದರೆ ನೀವು ನಗಬಹುದು. ನನ್ನ ಮೊಮ್ಮಗ ಭಾನುವಾರಗಳಂದು ಗೆಳೆಯರೊಡನೆ ಮೇಜಿನ ಸುತ್ತ ಕುಳಿತು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವಾಡುತ್ತಾನೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟವಿದು. ಒಬ್ಬನು ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಹಿಸಿ ತಾವೇನು ಮಾಡುವೆವೆಂದು ಬಾಯಿಯಲ್ಲಿ ಹೇಳುತ್ತಾರೆ. ಫಲವನ್ನು ಇಪ್ಪತ್ತು ಮುಖಗಳ ದಾಳ ನಿರ್ಣಯಿಸುತ್ತದೆ. ತಾಳಮದ್ದಳೆಯ ಅರ್ಥಧಾರಿಗಳ ಕೈಗೆ ದಾಳ ಕೊಟ್ಟಂತೆ ಎಂದುಕೊಳ್ಳಿ.

"ಅಜ್ಜ, ನನ್ನ ವೀರನಿಗೊಂದು ಹೆಸರು ಬೇಕು" ಎಂದ. ನಾನು ಗತ್ತಿನಿಂದ 'ಪ್ರಚಂಡವಿಕ್ರಮ' ಎಂದೆ. ಮುಂದಿನ ಭಾನುವಾರದೊಳಗೆ ಹುಡುಗರು ಅದನ್ನು 'ಪ್ರಚಿ' ಮಾಡಿದ್ದರು. ಮೂರು ಗಂಟೆ ಕಾಲ ಮೇಜಿನಾಚೆಯಿಂದ ಕೂಗಬೇಕಾದ ಹೆಸರು ಎರಡು ಮೂರು ಅಕ್ಷರ ಮೀರಬಾರದೆಂಬ ಛಂದಸ್ಸು ನನಗೆ ತಿಳಿದಿರಲಿಲ್ಲ.

ಸೋತವನು ಪುಸ್ತಕ ಹಿಡಿದೆ. ಆಟದ ಮೂಲಪುರುಷರು ಹೆಸರಿಗಾಗಿ ಹೆಚ್ಚು ತಲೆಕೆಡಿಸಿಕೊಂಡವರಲ್ಲ. ಜಿಮ್ ವಾರ್ಡ್ ಎಂಬ ಗೆಳೆಯನ ಮಾಂತ್ರಿಕ 'ಡ್ರಾಮಿಜ್'. ಇಂಗ್ಲಿಷಿನಲ್ಲಿ ಅವನ ಹೆಸರನ್ನೇ ಹಿಂದುಮುಂದಾಗಿ ಬರೆದದ್ದು, ಅಷ್ಟೆ! ಟೋಲ್ಕಿನ್ನರ ದಾರಿ ಬೇರೆ. ಆಕ್ಸ್‌ಫರ್ಡಿನಲ್ಲಿ ಪ್ರಾಚೀನ ಇಂಗ್ಲಿಷ್ ಕಲಿಸುತ್ತಿದ್ದ ಅವರು 1937ರ 'ದಿ ಹಾಬಿಟ್' ಕಥೆಯ ಕುಬ್ಜರಿಗೆ 'ವೋಲುಸ್ಪಾ' ಎಂಬ ಹಳೆಯ ನಾರ್ಸ್ ಕಾವ್ಯದಿಂದ ಹೆಸರುಗಳನ್ನು ತಂದರು. ಗ್ಯಾಂಡಾಲ್ಫ್ ಎಂಬುದೂ ಅಲ್ಲಿಯದೇ. ಮೊದಲ ಕರಡಿನಲ್ಲಿ ಅದು ಮಾಂತ್ರಿಕನದಲ್ಲ, ಕುಬ್ಜನಾಯಕನ ಹೆಸರು. ಮುಂದಿನ ಕಥೆಯ ಫ್ರೋಡೋ ಕರಡುಗಳಲ್ಲಿ ಬಹಳ ಕಾಲ 'ಬಿಂಗೋ' ಆಗಿದ್ದ. ಬಿಂಗೋ ಎಂಬುವನು ಆ ಭಾರದ ಉಂಗುರ ಹೊತ್ತು ಬೆಂಕಿಯ ಬೆಟ್ಟ ಹತ್ತುವುದನ್ನು ಊಹಿಸಲಾದೀತೆ?

ಇದನ್ನೋದುತ್ತ ನನಗೆ ನೆನಪಾದವನು ಘಟೋತ್ಕಚ. ಕರ್ಣನ ಶಕ್ತ್ಯಾಯುಧವನ್ನೇ ನುಂಗಿದ ಆ ಮಹಾವೀರನಿಗೆ ಹೆಸರು ಬಂದದ್ದು ಎಳೆತನದ ಬೋಳುತಲೆ ಗಡಿಗೆಯಂತೆ ಕಂಡದ್ದರಿಂದ. ಹೆಸರಿನೊಳಗೆ ಇಟ್ಟವರ ಕಣ್ಣು ಇನ್ನೂ ಇದೆ. ನನ್ನ ಪ್ರಚಂಡವಿಕ್ರಮನಿಗೆ ತಾಯಿಯೇ ಇರಲಿಲ್ಲ.

"ನಿನ್ನ ವೀರನಿಗೆ ಹೆಸರಿಟ್ಟವರು ಯಾರಪ್ಪ?" ಎಂದು ಮೊಮ್ಮಗನನ್ನು ಕೇಳಿದೆ. ಅವನು ತಟ್ಟನೆ, "ನಿಮಗೆ ಯಾರು ಇಟ್ಟರು?" ಎಂದ.

ಮನೆಯಲ್ಲಿ ಯಾರಿಗೂ ಹೇಳದ ಮಾತು ಅಂದು ಹೊರಬಿತ್ತು. ನನಗಿಂತ ಮೊದಲು ಇಬ್ಬರು ಹುಟ್ಟಿ ಹೋಗಿದ್ದರು. ನಾನು ಹುಟ್ಟಿದಾಗ ಮೊರದಲ್ಲಿ ಮಲಗಿಸಿ, ತಿಪ್ಪೆಯ ಮೇಲಿಟ್ಟು, ಯಾರೋ ಎಸೆದ ಕೂಸನ್ನು ಹೆಕ್ಕಿದಂತೆ ಎತ್ತಿಕೊಂಡು, 'ತಿಪ್ಪ' ಎಂದು ಕರೆದರು. ಕಸವೆಂದು ಬಗೆದು ಯಮ ಮುಂದೆ ಹೋಗಲೆಂದು. ಶಾಲೆಯ ದಾಖಲೆಯಲ್ಲಿ ಬೇರೆ ಹೆಸರು ಬಂತು. ಅಮ್ಮನ ಬಾಯಲ್ಲಿ ಮಾತ್ರ ತಿಪ್ಪನೇ. ಎಂ.ಎ. ಓದುತ್ತಿದ್ದಾಗ ಒಮ್ಮೆ ಅವಳು ಚಕ್ಕುಲಿ ಡಬ್ಬ ಹಿಡಿದು ಹಾಸ್ಟೆಲಿನ ಬಾಗಿಲಲ್ಲಿ ನಿಂತು ಆ ಹೆಸರು ಕೂಗಿದಳು. ಗೆಳೆಯರು ನಕ್ಕರು. ಅವಳನ್ನು ಬಸ್ಸಿಗೆ ಹತ್ತಿಸುವಾಗ, "ಇನ್ನು ಹಾಗೆ ಕರೆಯಬೇಡ" ಎಂದೆ. ಅವಳು ಕರೆಯಲಿಲ್ಲ. ಕೊನೆಯವರೆಗೂ ದಾಖಲೆಯ ಹೆಸರಿನಿಂದಲೇ ಕರೆದಳು, ಬೇರೆ ಯಾರ ಮಗನನ್ನೋ ಕರೆಯುವಂತೆ.

ಹುಡುಗ ಏನೂ ಹೇಳದೆ ಹಾಳೆಯಲ್ಲಿ 'ತಿಪ್ಪ' ಎಂದು ಬರೆದುಕೊಂಡ. ನಾನು ಬೇಡವೆಂದೆ; ಕೇಳಲಿಲ್ಲ.

ಈ ಆಟದಲ್ಲಿ ವೀರನು ನೆಲಕ್ಕುರುಳಿದರೆ ಸರದಿಗೊಮ್ಮೆ ದಾಳ ಎಸೆಯಬೇಕು. ಹತ್ತಕ್ಕಿಂತ ಕಡಮೆ ಮೂರು ಸಲ ಬಿದ್ದರೆ ಸಾವು. ಇಪ್ಪತ್ತೇ ಬಿದ್ದರೆ ಎದ್ದು ನಿಲ್ಲುತ್ತಾನೆ. ಕಳೆದ ಭಾನುವಾರ ರಾತ್ರಿ ದೂರವಾಣಿ ಬಂತು. ಗುಹೆಯಲ್ಲಿ ಬಿದ್ದಿದ್ದನಂತೆ, ಮೊದಲು ನಾಲ್ಕು, ಆಮೇಲೆ ಏಳು, ಮೂರನೆಯದು ಇಪ್ಪತ್ತು. "ಅಜ್ಜ, ಎಲ್ಲರೂ ಎದ್ದುನಿಂತು 'ತಿಪ್ಪಾ, ತಿಪ್ಪಾ' ಅಂತ ಕೂಗಿದರು" ಎಂದ.

ಆ ಹೆಸರನ್ನು ಅಷ್ಟು ಗಟ್ಟಿಯಾಗಿ ಯಾರಾದರೂ ಕೂಗಿ ನಲವತ್ತು ವರ್ಷ ದಾಟಿತ್ತು. ನಾನು "ಹ್ಞೂಂ" ಎಂದೆ.