ಆಸ್ಪತ್ರೆಯ ಅಂಕ, ರೋಗಿಯ ಸಾಕ್ಷ್ಯ

(ಶತಮಾನೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆಯು ಮಕ್ಕಳಿಗೆ ಅಂಕ ಕೊಡುತ್ತದೆ. ಆಸ್ಪತ್ರೆಗೆ ಅಂಕ ಕೊಡುವವರು ಯಾರು? 1993-94ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಡಾ. ಸ್ಯಾಮುಯೆಲ್ ಪಾಲ್ ಅವರು ನಾಗರಿಕರನ್ನು ವಿಚಾರಿಸಿ, ಸರ್ಕಾರಿ ಆಸ್ಪತ್ರೆಗಳೂ ಸೇರಿದಂತೆ ಸಾರ್ವಜನಿಕ ಸೇವೆಗಳ 'ರಿಪೋರ್ಟ್ ಕಾರ್ಡ್' ಸಿದ್ಧಪಡಿಸಿದರು. 2016ರಲ್ಲಿ ಕೇಂದ್ರ ಸರ್ಕಾರವು 'ಮೇರಾ ಅಸ್ಪತಾಲ್' ಯೋಜನೆಯ ಮೂಲಕ ರೋಗಿಗಳ ಅಭಿಪ್ರಾಯವನ್ನು ಮೊಬೈಲಿನಲ್ಲಿಯೇ ಕೇಳತೊಡಗಿತು. ಈ ಎರಡನೆಯದಕ್ಕೆ ಆಸ್ಪತ್ರೆಯ ಗಣಕಯಂತ್ರದ ದಾಖಲೆಯೇ ಆಧಾರ.

ದಾಖಲೆ ಅಪೂರ್ಣವಾದರೆ ಅಂಕವೂ ಸುಳ್ಳಾಗುವುದು. ಮರಣಗಳನ್ನಷ್ಟೇ ಎಣಿಸಿದರೆ, ಉಳಿಯುವ ಭರವಸೆಯಿಲ್ಲದ ರೋಗಿಯನ್ನು ಸೇರಿಸಿಕೊಂಡ ಆಸ್ಪತ್ರೆಗೆ ಕಡಿಮೆ ಅಂಕ, ಬಾಗಿಲಿನಿಂದಲೇ ಹಿಂದಿರುಗಿಸಿದ ಆಸ್ಪತ್ರೆಗೆ ಮೇಲಿನ ಸ್ಥಾನ! ನಷ್ಟವೆಲ್ಲ ಬಡರೋಗಿಗೆ. ಆದ್ದರಿಂದ ಸೇರಿದಾಗಿನ ವಯಸ್ಸು, ರೋಗದ ತೀವ್ರತೆ ಎಲ್ಲವನ್ನೂ ಬರೆದಿಟ್ಟು, ತೂಗಿ ನೋಡಿಯೇ ಅಂಕ ಕೊಡಬೇಕು.

ನಮ್ಮ ಧರ್ಮಕೇಂದ್ರದ ಜ್ಞಾನಸ್ನಾನದ ಪುಸ್ತಕವನ್ನು ನೂರು ವರ್ಷಗಳ ನಂತರವೂ ನಾವು ನಂಬುವುದು, ಗುರುಗಳು ಇದ್ದುದನ್ನು ಇದ್ದಂತೆ ಅಂದಂದೇ ಬರೆದುದರಿಂದ. ರಾಜಾಜಿನಗರ, ಕೆಂಗೇರಿಗಳ ಆಸ್ಪತ್ರೆಗಳಿಗೆ ಹೋಗಿಬರುವ ನೀವೂ, ಅಭಿಪ್ರಾಯ ಕೇಳಿದಾಗ ದಾಕ್ಷಿಣ್ಯಕ್ಕಾಗಲಿ ಕೋಪಕ್ಕಾಗಲಿ ವಶವಾಗದೆ ಕಂಡದ್ದನ್ನೇ ಹೇಳಿರಿ. ಸಾಲಿನಲ್ಲಿ ನಿಮ್ಮ ಹಿಂದೆ ನಿಂತಿರುವ ನೆರೆಯವನಿಗೆ ನೀವು ಸಲ್ಲಿಸುವ ಸೇವೆ ಅದು.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.