ದುಡಿಮೆ ಬೇಡವಾದ ದಿನ ನಾವೇನು ಮಾಡುತ್ತೇವೆ?

(ನಂಜನಗೂಡು ತಾಲೂಕಿನ ತಾಂಡ್ಯದಲ್ಲಿ ಕಾರ್ಮಿಕ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂದು ನಿಮ್ಮ ಮುಂದಿಡುತ್ತಿರುವ ಪ್ರಶ್ನೆಯು ಮೊದಲ ನೋಟಕ್ಕೆ ತಮಾಷೆಯಂತೆ ತೋರಬಹುದು. ನಾಳೆಯಿಂದ ಯಾರೂ ದುಡಿಯಬೇಕಾಗಿಲ್ಲ. ಅಕ್ಕಿ-ಬೇಳೆ, ಮನೆ ಬಾಡಿಗೆ, ಮಕ್ಕಳ ಶುಲ್ಕ, ಆಸ್ಪತ್ರೆಯ ಖರ್ಚು ಎಲ್ಲವೂ ತಾನಾಗಿಯೇ ನಡೆದುಹೋಗುತ್ತದೆ ಎಂದಿಟ್ಟುಕೊಳ್ಳಿ. ಆಗ ನಾವು ನಮ್ಮ ದಿನವನ್ನು ಹೇಗೆ ಕಳೆಯುತ್ತೇವೆ? ಮುಂಜಾನೆಯ ಪಾಳಿಗೆ ಬುತ್ತಿ ಕಟ್ಟಿಕೊಂಡು ಹೊರಡುವವನಿಗೆ, ಗುತ್ತಿಗೆ ಮುಗಿದರೆ ಮುಂದೇನು ಎಂದು ಚಿಂತಿಸುವವನಿಗೆ ಇದು ಹೊಟ್ಟೆ ತುಂಬಿದವರ ಪ್ರಶ್ನೆ ಅನಿಸುವುದು ಸಹಜ. ಆದರೆ ಈ ಪ್ರಶ್ನೆ ನಮ್ಮ ಮನೆಯೊಳಗೆ ಈಗಾಗಲೇ ಬಂದು ಕುಳಿತಿದೆ. ನಿವೃತ್ತರಾದ ಹಿರಿಯರ ರೂಪದಲ್ಲಿ, ಪದವಿ ಮುಗಿಸಿ ಕಾಯುತ್ತಿರುವ ಮಗನ ರೂಪದಲ್ಲಿ, ವಾರದ ರಜೆಯಂದು ಹೊರಳಾಡಿ ದಿನ ಕಳೆಯುವ ನಮ್ಮದೇ ರೂಪದಲ್ಲಿ ಅದು ನಮ್ಮನ್ನು ಕೇಳುತ್ತಲೇ ಇದೆ.

1930ರಲ್ಲಿ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಒಂದು ಪ್ರಬಂಧ ಬರೆದರು. ಇನ್ನು ನೂರು ವರ್ಷಗಳಲ್ಲಿ ಯಂತ್ರಗಳು ಎಷ್ಟು ಮುಂದುವರಿಯುತ್ತವೆಂದರೆ ಮನುಷ್ಯ ವಾರಕ್ಕೆ 15 ಗಂಟೆ ದುಡಿದರೆ ಸಾಕಾದೀತು ಎಂಬುದು ಅವರ ಊಹೆಯಾಗಿತ್ತು. ಉಳಿದ ಸಮಯವನ್ನು ಒಳ್ಳೆಯ ರೀತಿಯಲ್ಲಿ ಬಾಳುವುದು ಹೇಗೆ ಎಂಬುದೇ ಮನುಷ್ಯನ ನಿಜವಾದ ಸಮಸ್ಯೆಯಾಗಲಿದೆ ಎಂದೂ ಅವರು ಎಚ್ಚರಿಸಿದ್ದರು. ಅವರು ಹೇಳಿದ ನೂರು ವರ್ಷ 2030ಕ್ಕೆ ತುಂಬುತ್ತದೆ. ಯಂತ್ರಗಳೇನೋ ಬಂದವು. ಆದರೆ ಆ 15 ಗಂಟೆಗಳ ವಾರ ಎಲ್ಲಿ? 2023ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲವು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಮಾಡಿ, ವಾರಕ್ಕೆ 48 ಗಂಟೆಗಳ ಮಿತಿಯೊಳಗೆ ದಿನಕ್ಕೆ 12 ಗಂಟೆಗಳವರೆಗೆ ದುಡಿಸಿಕೊಳ್ಳಲು ದಾರಿ ತೆರೆಯಿತು. ಓವರ್‌ಟೈಮ್‌ನ ಮಿತಿಯನ್ನೂ ಬಹಳಷ್ಟು ಏರಿಸಿತು. ಕಾರ್ಮಿಕನ ಒಪ್ಪಿಗೆ ಬೇಕೆಂಬ ಷರತ್ತೇನೋ ಇತ್ತು. ಆದರೆ ಗುತ್ತಿಗೆಯ ಮೇಲಿರುವವನು ಒಪ್ಪುವುದಿಲ್ಲ ಎಂದು ಹೇಳುವುದು ಎಷ್ಟು ಸುಲಭ ಎಂಬುದನ್ನು ಇಲ್ಲಿ ಕುಳಿತಿರುವ ನಿಮಗೆ ವಿವರಿಸಬೇಕಾಗಿಲ್ಲ.

ಹಾಗಾದರೆ ಯಂತ್ರ ಉಳಿಸಿದ ಸಮಯ ಯಾರ ಪಾಲಾಯಿತು? ಮೈಸೂರಿನ ಊದುಬತ್ತಿಯ ಉದಾಹರಣೆಯನ್ನೇ ನೋಡಿ. ನಮ್ಮ ಮೊಹಲ್ಲಾಗಳಲ್ಲಿ ದಶಕಗಳ ಕಾಲ ತಾಯಂದಿರು, ಸಹೋದರಿಯರು ಮನೆಯಲ್ಲೇ ಮಣೆಯ ಮುಂದೆ ಕುಳಿತು, ಸಾವಿರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ ಕಡ್ಡಿ ಹೊಸೆದು ಸಂಸಾರಕ್ಕೆ ಆಸರೆಯಾದರು. ಅನಂತರ ಯಂತ್ರ ಬಂತು. ಕೈಯಿಂದ ಹೊಸೆಯುವ ಕೆಲಸ ಬಹುಮಟ್ಟಿಗೆ ಅನಗತ್ಯವಾಯಿತು. ಆ ಸಹೋದರಿಗೆ ಸಿಕ್ಕಿದ್ದು ಬಿಡುವೇ? ಅಲ್ಲ, ಅವಳ ಸಂಪಾದನೆ ಹೋಯಿತು, ಅಷ್ಟೇ. ಐವರ ಕೆಲಸವನ್ನು ಯಂತ್ರ ಮಾಡುವಾಗ ಮೂವರು ಮನೆಗೆ ಹೋಗುತ್ತಾರೆ, ಉಳಿದ ಇಬ್ಬರು ಹನ್ನೆರಡು ಗಂಟೆ ನಿಲ್ಲುತ್ತಾರೆ. ಐವರೂ ಅರ್ಧ ದಿನ ದುಡಿದು ಪೂರ್ಣ ಕೂಲಿ ಪಡೆಯಲಿ ಎಂದು ಯಾವ ಯಂತ್ರವೂ ತಾನಾಗಿ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಮನುಷ್ಯರು, ಅವರ ಸಂಘಟನೆಗಳು, ಅವರು ಆರಿಸಿದ ಸರಕಾರಗಳು. ಆದ್ದರಿಂದ ದುಡಿಮೆ ಇಲ್ಲದಿರುವುದು ಬೇರೆ, ದುಡಿಮೆಯ ಅಗತ್ಯ ಇಲ್ಲದಿರುವುದು ಬೇರೆ. ಮೊದಲನೆಯದು ಸಂಕಟ, ಎರಡನೆಯದು ವರವಾಗಬಹುದು. ಆದರೆ ವರವಾಗಿಯೇ ತೀರುತ್ತದೆಯೇ?

ಇದನ್ನು ಪರೀಕ್ಷಿಸಲು ಬಹುದೂರ ಹೋಗಬೇಕಾಗಿಲ್ಲ. 2020ರ ಮಾರ್ಚ್ ಕೊನೆಯ ವಾರವನ್ನು ಈ ತಾಲೂಕು ಮರೆತಿರಲಾರದು. ದೇಶವೇ ಲಾಕ್‌ಡೌನ್‌ಗೆ ಒಳಗಾದ ಆ ದಿನಗಳಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೋನಾ ಸೋಂಕು ಕಾಣಿಸಿಕೊಂಡಿತು. ಸಾವಿರಕ್ಕೂ ಹೆಚ್ಚು ನೌಕರರು ಮನೆಯೊಳಗೇ ಉಳಿಯಬೇಕಾಯಿತು. ಇಡೀ ಕೈಗಾರಿಕಾ ಪ್ರದೇಶದ ಸದ್ದು ಅಡಗಿತು. ಪಾಳಿಯಿಲ್ಲ, ಸೈರನ್ ಇಲ್ಲ, ಬಸ್ಸಿಗೆ ಓಡುವ ಅವಸರವಿಲ್ಲ. ವರ್ಷಗಳಿಂದ ಸಮಯವೇ ಇಲ್ಲ ಎನ್ನುತ್ತಿದ್ದ ನಮಗೆ ಇದ್ದಕ್ಕಿದ್ದಂತೆ ಸಮಯವೊಂದೇ ಉಳಿಯಿತು. ಭಯವಿತ್ತು, ಸಂಬಳದ ಚಿಂತೆಯಿತ್ತು ಎಂಬುದು ನಿಜ. ಆದ್ದರಿಂದ ಅದನ್ನು ಶುದ್ಧ ಬಿಡುವು ಎಂದು ಕರೆಯಲಾಗದು. ಆದರೂ ಒಂದು ಸಂಗತಿಯನ್ನು ನಾವೆಲ್ಲರೂ ಕಂಡೆವು. ಮೊದಲ ವಾರ ನಿದ್ದೆಯಲ್ಲಿ ಕಳೆಯಿತು. ಎರಡನೆಯ ವಾರ ಟಿ.ವಿ. ಮತ್ತು ಮೊಬೈಲಿನಲ್ಲಿ ಕಳೆಯಿತು. ಮೂರನೆಯ ವಾರದ ಹೊತ್ತಿಗೆ ದಿನವೇ ಭಾರವಾಗತೊಡಗಿತು; ಯಾವ ವಾರ ಎಂಬುದೂ ಮರೆತುಹೋಗುತ್ತಿತ್ತು.

ಅದೇ ವಾರಗಳಲ್ಲಿ ಮತ್ತೊಂದು ವರ್ಗವೂ ನಮ್ಮ ನಡುವೆ ಇತ್ತು. ಅವರೂ ಕೆಲಸ ನಿಂತುಹೋದ ಯುವಕರೇ. ಆದರೆ ಅವರು ಅನುಮತಿ ಪಡೆದು ರೇಷನ್ ಕಿಟ್ ಕಟ್ಟಿದರು. ಊರಿಗೆ ಮರಳಲಾಗದೆ ಉಳಿದ ವಲಸೆ ಕಾರ್ಮಿಕರಿಗೆ ಊಟ ಒದಗಿಸಿದರು. ವೃದ್ಧರಿಗೆ ಔಷಧ ತಂದುಕೊಟ್ಟರು. ಮುಂದೆ ಸಾವುಗಳು ಹೆಚ್ಚಿದಾಗ, ಸ್ವಂತ ಮನೆಯವರೇ ಮುಟ್ಟಲು ಅಂಜಿದ ಶವಗಳಿಗೆ ರಾಜ್ಯದ ಹಲವೆಡೆ ಜಾತಿ-ಧರ್ಮ ನೋಡದೆ ಅಂತಿಮ ಸಂಸ್ಕಾರ ನೆರವೇರಿಸಿದರು. ಅವರಿಗೆ ಯಾರೂ ಸಂಬಳ ಕೊಡಲಿಲ್ಲ. ಆದರೆ ಅವರಲ್ಲಿ ಯಾರೂ ದಿನ ಹೋಗುತ್ತಿಲ್ಲ ಎಂದು ದೂರಲಿಲ್ಲ. ಇಬ್ಬರ ಬಳಿಯೂ ಇದ್ದದ್ದು ಅದೇ ಇಪ್ಪತ್ತನಾಲ್ಕು ಗಂಟೆ. ಹಾಗಾದರೆ ವ್ಯತ್ಯಾಸವೇನು? ಒಬ್ಬನಿಗಾಗಿ ಯಾರೋ ಕಾಯುತ್ತಿದ್ದರು, ಇನ್ನೊಬ್ಬನಿಗಾಗಿ ಯಾರೂ ಕಾಯುತ್ತಿರಲಿಲ್ಲ.

ಈ ಮಾತಿಗೆ ಇತಿಹಾಸದಲ್ಲಿ ಬಲವಾದ ಸಾಕ್ಷಿಯಿದೆ. ಆಸ್ಟ್ರಿಯಾದ ವಿಯೆನ್ನಾ ನಗರದ ಸಮೀಪ ಮಾರಿಯೆಂಟಾಲ್ ಎಂಬ ಪುಟ್ಟ ಊರಿತ್ತು. ತಾಂಡ್ಯದಂತೆಯೇ ಕಾರ್ಖಾನೆಯನ್ನು ನಂಬಿದ ಊರು. 1930ರ ಸುಮಾರಿಗೆ ಅಲ್ಲಿನ ಬಟ್ಟೆ ಗಿರಣಿ ಮುಚ್ಚಿತು. ಬಹುತೇಕ ಕುಟುಂಬಗಳು ಸರಕಾರದ ಅಲ್ಪ ಭತ್ಯೆಯ ಮೇಲೆ ಬದುಕಬೇಕಾಯಿತು. ಮಾರೀ ಯಹೋಡಾ ಮತ್ತು ಅವರ ಸಂಗಡಿಗರು ಆ ಊರಿನಲ್ಲಿ ಅಧ್ಯಯನ ನಡೆಸಿ 1933ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಊರಿನಲ್ಲಿ ಕಾರ್ಮಿಕರ ಗ್ರಂಥಾಲಯವಿತ್ತು. ಕೈತುಂಬ ಸಮಯ ಸಿಕ್ಕಿದ ಮೇಲೆ ಜನ ಹೆಚ್ಚು ಓದಬೇಕಿತ್ತಲ್ಲವೇ? ಆದದ್ದು ತದ್ವಿರುದ್ಧ. ಎರವಲು ಪಡೆಯುವ ಪುಸ್ತಕಗಳ ಸಂಖ್ಯೆ ಎರಡು ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಬೀದಿಯಲ್ಲಿ ಗಂಡಸರ ನಡಿಗೆ ನಿಧಾನವಾಯಿತು. ಬೆಳಗಿನಿಂದ ಸಂಜೆಯವರೆಗೆ ಏನು ಮಾಡಿದಿರಿ ಎಂದು ಕೇಳಿದರೆ ಹೇಳಲು ಅವರಿಗೆ ಹೆಚ್ಚೇನೂ ನೆನಪಿರುತ್ತಿರಲಿಲ್ಲ. ಅಲ್ಲಿ ಬಡತನವೂ ಇತ್ತು, ನಿರಾಶೆಯೂ ಇತ್ತು. ಆದರೆ ದುಡಿಮೆಯು ಕೂಲಿಯನ್ನು ಮಾತ್ರ ಕೊಡುವುದಿಲ್ಲ ಎಂಬ ಸತ್ಯವನ್ನು ಮಾರಿಯೆಂಟಾಲ್ ಜಗತ್ತಿಗೆ ತೋರಿಸಿಕೊಟ್ಟಿತು. ದಿನಕ್ಕೊಂದು ಕ್ರಮ, ನಾಲ್ಕು ಜನರ ಒಡನಾಟ, ನಾನೂ ಬೇಕಾದವನು ಎಂಬ ಭಾವ, ಇವನ್ನೂ ಅದು ಕೊಡುತ್ತದೆ.

ನಮ್ಮ ಪಕ್ಕದ ಹಿಮ್ಮಾವಿನ ರೈತರ ಹೋರಾಟದ ಅರ್ಥವೂ ಇದರಲ್ಲಿ ಅಡಗಿದೆ. ಬಣ್ಣದ ಕಾರ್ಖಾನೆಗಾಗಿ ಭೂಮಿ ಬಿಟ್ಟುಕೊಟ್ಟ ಕುಟುಂಬಗಳು 2020-21ರಲ್ಲಿ ಉದ್ಯೋಗ ಕೇಳಿ ಧರಣಿ ಕುಳಿತವು. ಪರಿಹಾರದ ಹಣ ಸಿಕ್ಕಿದ ಮೇಲೆ ಇವರಿಗೆ ಇನ್ನೇನು ಬೇಕು ಎಂದು ಕೇಳುವವರಿದ್ದಾರೆ. ಹೊಲವೆಂದರೆ ಬರೀ ಆದಾಯವಲ್ಲ. ಬೆಳಗಾದರೆ ಹೋಗಬೇಕಾದ ಜಾಗ ಅದು. ಹಣ ಖರ್ಚಾಗುತ್ತದೆ. ಹೋಗಬೇಕಾದ ಜಾಗ ಇಲ್ಲದವನ ಮನೆಯಲ್ಲಿ ಏನೇನಾಗುತ್ತದೆ ಎಂಬುದನ್ನು ಕೈಗಾರಿಕೆಗೆ ಭೂಮಿ ಕೊಟ್ಟ ಅದೆಷ್ಟೋ ಹಳ್ಳಿಗಳು ಬಲ್ಲವು.

ಹಾಗಂತ, ಬಡವರಿಗೆ ನೆರವು ಕೊಟ್ಟರೆ ಸೋಮಾರಿಗಳಾಗುತ್ತಾರೆ ಎಂಬ ವಾದವನ್ನು ನಾವು ಒಪ್ಪುವುದಿಲ್ಲ. 2023ರಲ್ಲಿ ನಮ್ಮ ರಾಜ್ಯದಲ್ಲಿ ಗ್ಯಾರಂಟಿ ಯೋಜನೆಗಳು ಆರಂಭವಾದಾಗ ಈ ಮಾತು ಬಹಳ ಕೇಳಿಬಂತು. ಆ ವರ್ಷದ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯು ಮನೆಯ ಯಜಮಾನಿಗೆ ತಿಂಗಳಿಗೆ ನಿಗದಿ ಮಾಡಿದ್ದು 2,000 ರೂಪಾಯಿ. ಅಷ್ಟು ಹಣಕ್ಕೆ ಯಾವ ತಾಯಿ ಒಲೆ ಆರಿಸಿ ಕಾಲು ಚಾಚಿ ಕುಳಿತಿದ್ದಾಳೆ? ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ಸಿನಲ್ಲಿ ಮಹಿಳೆಯರು ಕೆಲಸಕ್ಕೆ ಹೋದರು, ಕಾಲೇಜಿಗೆ ಹೋದರು, ಆಸ್ಪತ್ರೆಗೆ ಹೋದರು, ವರ್ಷಗಳಿಂದ ಕಾಣದ ತವರಿಗೆ ಹೋದರು. ಭಾರ ಸ್ವಲ್ಪ ಇಳಿದಾಗ ಮನುಷ್ಯ ಮೊದಲು ಹುಡುಕುವುದು ತನ್ನವರನ್ನು.

ಇಲ್ಲಿ ಗಂಡಸರಿಗೆ ಒಂದು ಕಹಿ ಮಾತು ಹೇಳಬೇಕಾಗಿದೆ. ದುಡಿಮೆ ಅನಗತ್ಯವಾಗುವ ಕಾಲದ ಬಗ್ಗೆ ಮಾತಾಡುವವರೆಲ್ಲ ಕಾರ್ಖಾನೆ, ಕಚೇರಿಗಳ ಬಗ್ಗೆಯೇ ಮಾತಾಡುತ್ತಾರೆ. ಅಡುಗೆಮನೆಯ ಬಗ್ಗೆ ಯಾರು ಮಾತಾಡುತ್ತಾರೆ? ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆ ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾಳೆ. ತೊಡಗುವ ಪುರುಷ 88 ನಿಮಿಷ. ತೊಡಗುವ ಪುರುಷ ಎಂಬ ಮಾತನ್ನು ಗಮನಿಸಿ. ಪುರುಷರಲ್ಲಿ ಹೆಚ್ಚಿನವರು ಅದರಲ್ಲಿ ತೊಡಗುವುದೇ ಇಲ್ಲ. ಲಾಕ್‌ಡೌನ್‌ನಲ್ಲಿ ಕಾರ್ಖಾನೆ ಮುಚ್ಚಿತು, ಶಾಲೆ ಮುಚ್ಚಿತು. ಒಲೆ ಮುಚ್ಚಿತೇ? ಮೂರು ಹೊತ್ತು ಎಲ್ಲರೂ ಮನೆಯಲ್ಲಿರುವಾಗ ಅವಳ ಕೆಲಸ ಇಮ್ಮಡಿಯಾಯಿತು. ಮಾರಿಯೆಂಟಾಲ್‌ನಲ್ಲೂ ಹೀಗೆಯೇ ಆಯಿತು: ಗಂಡಸರು ಬೀದಿಯಲ್ಲಿ ನಿಂತಿದ್ದರೆ, ಹೆಂಗಸರು ಅವಸರದಲ್ಲಿ ನಡೆಯುತ್ತಿದ್ದರು. ಗಂಡಸಿನ ಬಿಡುವು ಹೆಂಗಸಿನ ಬೆನ್ನಿನ ಮೇಲೆ ನಿಂತಿದ್ದರೆ ಅದು ಬಿಡುವಲ್ಲ, ಬೇರೊಬ್ಬರಿಂದ ಕಸಿದುಕೊಂಡ ಸಮಯ. ಪ್ರವಾದಿ ಮುಹಮ್ಮದ್(ಸ) ತಮ್ಮ ಚಪ್ಪಲಿಯನ್ನು ತಾವೇ ದುರಸ್ತಿ ಮಾಡುತ್ತಿದ್ದರು, ಮನೆಯವರ ಕೆಲಸದಲ್ಲಿ ಕೈಜೋಡಿಸುತ್ತಿದ್ದರು ಎಂದು ಮಿಂಬರ್‌ನಿಂದ ಕೇಳಿ ತಲೆದೂಗುವ ನಾವು, ಮನೆಗೆ ಬಂದು ಕುಳಿತಲ್ಲಿಂದಲೇ ನೀರು ಕೇಳುವುದಾದರೆ ಆ ತಲೆದೂಗುವಿಕೆಗೆ ಅರ್ಥವೇನು? ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಹೆಚ್ಚಿನ ಜನರು ನಷ್ಟ ಹೊಂದುತ್ತಾರೆ ಎಂಬ ಅವರ ಎಚ್ಚರಿಕೆಯನ್ನೂ ಇಲ್ಲಿ ನೆನಪಿಸಿಕೊಳ್ಳೋಣ.

ಸಹೋದರರೇ, ಬಿಡುವು ಎಂಬುದು ಒಂದು ವಿದ್ಯೆ. ಅಭ್ಯಾಸವಿಲ್ಲದೆ ಅದು ಬರುವುದಿಲ್ಲ. ಮೂವತ್ತು ವರ್ಷ ದುಡಿಮೆಯನ್ನಷ್ಟೇ ಕಲಿತವನು ನಿವೃತ್ತಿಯ ಮರುದಿನ ಓದುಗನಾಗುವುದಿಲ್ಲ, ಮೊಮ್ಮಕ್ಕಳಿಗೆ ಕಥೆ ಹೇಳುವವನಾಗುವುದಿಲ್ಲ. ಹಾಗಾದರೆ ಅಭ್ಯಾಸ ಎಲ್ಲಿಂದ? ನಮ್ಮ ಕೈಯಲ್ಲಿರುವ ವಾರದ ಒಂದು ರಜೆಯಿಂದ. ಇಂದು ಆ ರಜೆಯ ಗತಿ ಏನಾಗಿದೆ? ಒಂದೋ ಅದನ್ನು ಓವರ್‌ಟೈಮ್ ನುಂಗುತ್ತದೆ. ಇಲ್ಲವೇ ಅಂಗೈಯಗಲದ ಮೊಬೈಲ್ ನುಂಗುತ್ತದೆ. ಮನೆಯ ಸಾಲಕ್ಕಾಗಿ ಓವರ್‌ಟೈಮ್ ಮಾಡುವವನನ್ನು ನಾವು ದೂಷಿಸುವುದಿಲ್ಲ. ಆದರೆ ಮೊಬೈಲ್‌ಗೆ ಕೊಟ್ಟ ನಾಲ್ಕು ಗಂಟೆಗಳಿಗೆ ಕೂಲಿಯೂ ಇಲ್ಲ, ವಿಶ್ರಾಂತಿಯೂ ಇಲ್ಲ.

ಆದ್ದರಿಂದ ಕೆಲವು ಸಣ್ಣ ಸಲಹೆಗಳು. ವಾರದ ರಜೆಯಂದು ಒಂದು ಹೊತ್ತಿನ ಅಡುಗೆ, ಪಾತ್ರೆ, ಬಟ್ಟೆ ಗಂಡಸರ ಪಾಲಿಗಿರಲಿ. ಆ ಮನೆಯ ತಾಯಿಗೂ ವಾರದಲ್ಲಿ ಅರ್ಧ ದಿನದ ರಜೆ ಇರಲಿ. ಆ ಅರ್ಧ ದಿನ ಅವಳೇನು ಮಾಡುತ್ತಾಳೆ ಎಂದು ಲೆಕ್ಕ ಕೇಳಬೇಡಿ. ನಿಮಗಾಗಿ ಕಾಯುವ ಒಬ್ಬರನ್ನಾದರೂ ಮನೆಯ ಹೊರಗೆ ಸಂಪಾದಿಸಿಕೊಳ್ಳಿ: ಗಣಿತ ಹೇಳಿಕೊಡಬೇಕಾದ ಪಕ್ಕದ ಮನೆಯ ಮಗು, ಆಸ್ಪತ್ರೆಗೆ ಕರೆದೊಯ್ಯಬೇಕಾದ ವೃದ್ಧ, ಅರ್ಜಿ ಬರೆದುಕೊಡಬೇಕಾದ ವಿಧವೆ. ಆ ಮನೆ ಯಾವ ಧರ್ಮದವರದು ಎಂದು ನೋಡಬೇಡಿ. ನಿವೃತ್ತರಾದ ಫಿಟ್ಟರ್, ಎಲೆಕ್ಟ್ರಿಷಿಯನ್, ಶಿಕ್ಷಕರನ್ನು ಮೂಲೆಗೆ ಕೂರಿಸದೆ, ಅವರಿಂದ ಯುವಕರು ಕಲಿಯುವ ಏರ್ಪಾಡು ಮಾಡಿ. ನಮಾಝಿನ ಹೊತ್ತಿನ ಹೊರತು ಬೀಗ ಹಾಕಿರುವ ಮಸೀದಿಯ ಪಕ್ಕದ ಕೋಣೆಯಲ್ಲಿ ನಾಲ್ಕು ಪತ್ರಿಕೆ, ನಲ್ವತ್ತು ಪುಸ್ತಕ ಇಡಲು ಜಮಾಅತ್‌ನವರಿಗೆ ಎಷ್ಟು ಖರ್ಚಾದೀತು?

ಸರಕಾರಕ್ಕೂ ಹೊಣೆಯಿದೆ. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು ಕನ್ನಂಬಾಡಿ ಕಟ್ಟೆಯ ಕೆಳಗೆ ಉದ್ಯಾನವೊಂದನ್ನು ರೂಪಿಸಿದರು. ಕಟ್ಟೆ ಇದ್ದದ್ದು ನೀರಿಗೆ. ಆದರೆ ದುಡಿದು ದಣಿದ ಜನ ಸಂಸಾರ ಸಮೇತ ಬಂದು ಕುಳಿತುಕೊಳ್ಳುವ ಜಾಗವೂ ನಾಡಿಗೆ ಬೇಕು ಎಂಬ ವಿವೇಕ ಅವರಲ್ಲಿತ್ತು. ಕೈಗಾರಿಕಾ ಪ್ರದೇಶಕ್ಕೆ ನಕ್ಷೆ ಎಳೆಯುವವರು ರಸ್ತೆ, ವಿದ್ಯುತ್, ನೀರು ಎಲ್ಲವನ್ನೂ ಗುರುತಿಸುತ್ತಾರೆ. ಕಾರ್ಮಿಕನ ಸಂಜೆಗೆ ಒಂದು ವಾಚನಾಲಯ, ಒಂದು ಮೈದಾನ, ಅವನ ಮಗಳು ನಿರ್ಭಯವಾಗಿ ಆಡುವ ಒಂದು ಅಂಗಳವನ್ನು ಗುರುತಿಸುತ್ತಾರೆಯೇ? ಇದನ್ನು ಕೇಳುವ ಹಕ್ಕು ನಮಗಿದೆ. ಪಾಳಿಯ ಗಂಟೆಗಳು ಕಡಿಮೆಯಾಗಲಿ, ಕೂಲಿ ಕಡಿಮೆಯಾಗದಿರಲಿ ಎಂದು ಕೇಳುವ ಹಕ್ಕೂ ಇದೆ. ಎಂಟು ಗಂಟೆಯ ದಿನ ಕೂಡ ಯಾರೋ ದಾನವಾಗಿ ಕೊಟ್ಟದ್ದಲ್ಲ, ಕಾರ್ಮಿಕರು ಹೋರಾಡಿ ಪಡೆದದ್ದು.

ದುಡಿಮೆ ಬೇಡವಾಗುವ ಕಾಲ ಬರುತ್ತದೆಯೋ ಇಲ್ಲವೋ, ಬಂದರೆ ಎಂದು ಬರುತ್ತದೆಯೋ ಅದರ ಮೇಲೆ ನಮಗೆ ಹಿಡಿತವಿಲ್ಲ. ಆದರೆ ಮುಂದಿನ ವಾರದ ರಜೆ ಖಂಡಿತ ಬರುತ್ತದೆ. ಅಂದು ಸಂಜೆ ಮಲಗುವ ಮುನ್ನ, ಇಂದು ನನ್ನಿಂದ ಯಾರ ಭಾರ ಇಳಿಯಿತು ಎಂದು ಒಮ್ಮೆ ಕೇಳಿಕೊಳ್ಳೋಣ. ಅದಕ್ಕೆ ಉತ್ತರ ಇರುವವನು ದುಡಿಮೆ ಇದ್ದರೂ ಇಲ್ಲದಿದ್ದರೂ ನಿರುದ್ಯೋಗಿಯಾಗಲಾರ.